ಹಲಬರ್ಗಾದ ಬಾಗಿಲ

ಯೇಸು ಕಂದೀಲ ಹಿಡಿದು ಮುಚ್ಚಿದ ಬಾಗಿಲ ತಟ್ಟೂ ಆ ಹೆಸರಾದ ಚಿತ್ರ ನಮ್ಮ ನೌಬಾದದ ಮನ್ಯಾಗೂ ಅದರಿ. ಹೆಂಡತಿ ದೇಬೋರಾ ಅದನ್ನ ನೋಡಿದಾಗೆಲ್ಲ, "ಇದು ಹಲಬರ್ಗಾದ ನಮ್ಮವ್ವನ ಮನಿ ಬಾಗಿಲರಿ. ಒಮ್ಮೆ ಕರಕೊಂಡು ಹೋಗ್ರಿ," ಅಂತಿದ್ದಳು.

"ಯೇಸು ಹಲಬರ್ಗಾಕ್ಕ ಯಾವ ಬಸ್ಸಿಗೆ ಬಂದಿದ್ದ?" ಅಂತ ನಕ್ಕು, ಕ್ರಿಸ್ಮಸ್ ಆಗಲಿ ಅಂದೆ. ಕ್ರಿಸ್ಮಸ್ ಬರೂದ್ರಾಗ ಅಕಿ ತೀರಿಕೊಂಡಳು.

ಮುಂದಿನ ವರ್ಷ ಹಬ್ಬದ ಸುಣ್ಣಕ್ಕ ಚಿತ್ರ ಇಳಿಸಿದೆ. ಹಿಂದಿನ ಗೋಡಿ ಐಸಿನಂಗ ತಣ್ಣಗಿತ್ತು, ಕಂದೀಲೆಣ್ಣಿ ವಾಸನಿ ಬಂತು. ಮರುದಿನ ಮಧ್ಯಾಹ್ನ ಹಲಬರ್ಗಾಕ್ಕ ಹೋದೆ.

ಮನಿ ಬಿದ್ದು ಮುಂದಿನ ಗೋಡಿ, ಬಾಗಿಲ ಅಷ್ಟೇ ಉಳಿದಿದ್ದವು. ಹಿಂದ ತೊಗರಿ ಹೊಲ. ಬಾಗಿಲ ದೂಡಿದೆ, ಆ ಕಡೆಯಿಂದ ಚಿಲಕ ಹಾಕಿತ್ತು. ತಟ್ಟಿದೆ.

"ತಡೀರಿ, ಬಂದೆ," ಅಂದಳು ದೇಬೋರಾ.

ನಾ ತಡೀಲಿಲ್ಲರಿ. ಗೋಡಿ ಸುತ್ತಿ ಓಡಿದೆ. ಯಾರೂ ಇರಲಿಲ್ಲ. ಚಿಲಕ ಅರ್ಧ ತೆಗೆದಿತ್ತು.