ಒಣ ಬೀದಿಯ ಇಪ್ಪತ್ತೆರಡು ಲೀಟರ್

ಬೆಳಿಗ್ಗೆ ಎಂಟೂವರೆಗೆ ಪಂಚಾಯಿತಿ ಕಚೇರಿಯ ಬೀಗ ತೆಗೆಯಲು ಬಂದ ಪಿಡಿಒ ರಂಗಸ್ವಾಮಿ ಬಾಗಿಲವರೆಗೂ ಹೋಗಲಿಲ್ಲ. ಮೆಟ್ಟಿಲ ಮೇಲೆ ಸತ್ತ ಕರು ಮಲಗಿತ್ತು.

ಆರು ತಿಂಗಳ ಹೆಣ್ಣು ಕರು. ಕೊರಳಲ್ಲಿ ಕಿತ್ತುಹೋದ ಹಗ್ಗ. ಬಾಯಿಯ ಸುತ್ತ ಒಣಗಿದ ನೊರೆ. ಪಕ್ಕದಲ್ಲಿ ಮುದ್ದಮ್ಮ ಕುಕ್ಕರಗಾಲಲ್ಲಿ ಕೂತಿದ್ದಳು. ಅವಳ ಹಿಂದೆ ಕೆಳಗಿನ ಬೀದಿಯ ಹೆಂಗಸರು. ಎಲ್ಲರ ಸೊಂಟದ ಮೇಲೂ ಖಾಲಿ ಕೊಡ.

"ಏನಮ್ಮಾ ಇದು?"

"ಇವತ್ತು ಗ್ರಾಮ ಸಭೆ ಅಲ್ವಾ ಸಾ? ಅರ್ಜಿ ಕೊಡಿ ಅಂತ ಡಂಗುರ ಹೊಡಿಸಿದ್ರಿ. ಇದೇ ನನ್ನ ಅರ್ಜಿ."

ಕವಲಂದೆಯಿಂದ ಐದು ಮೈಲಿ ಒಳಗಿರುವ ಕಾರೇಮರದಹುಂಡಿಯಲ್ಲಿ ಇರುವುದು ಎರಡೇ ಬೀದಿ. ಕೆಳಗಿನ ಬೀದಿಯ ನಲ್ಲಿಗಳು ಒಣಗಿ ನಾಲ್ಕು ದಿನವಾಗಿತ್ತು. ಮೇಲಿನ ಬೀದಿಯಲ್ಲಿ ಮಾತ್ರ ನೀರು ಎಂದಿನಂತೆ ಸುರಿಯುತ್ತಿತ್ತು. ನಿಜ ಹೇಳಬೇಕೆಂದರೆ ಕೆಳಗಿನವರಿಗೆ ತಮ್ಮ ಕೊಡ ಖಾಲಿಯಾದದ್ದಕ್ಕಿಂತ ಮೇಲಿನವರ ಕೊಡ ತುಂಬಿದ್ದೇ ಹೆಚ್ಚು ಉರಿಯುತ್ತಿತ್ತು. ಆ ಉರಿಯೆಲ್ಲ ಒಬ್ಬಳ ಮೇಲೆ ತಿರುಗಿತ್ತು. ಅವಳೇ ಊರಿನ ನೀರುಗಂಟಿ, ಅಂದರೆ ದಿನಾ ವಾಲ್ವ್ ತಿರುಗಿಸಿ ಬೀದಿಗೆ ನೀರು ಬಿಡುವ ಕೋಮಲ.

ಸಭೆಯ ಮೊದಲ ವಿಷಯವೇ ಅವಳನ್ನು ಕೆಲಸದಿಂದ ತೆಗೆಯುವುದು. ನಿರ್ಣಯಕ್ಕೆ ಸಹಿ ಹಾಕಬೇಕಾದವರು ನೋಡಲ್ ಅಧಿಕಾರಿ. ಊರಿನ ಜಗಳಕ್ಕೆ ಸೇರದ ಬೇರೆ ಇಲಾಖೆಯವರೊಬ್ಬರು ಬಂದು ಕೂತು, ನೋಡಿ, ಸಹಿ ಹಾಕಲಿ ಎಂದು ಸರ್ಕಾರ ಮಾಡಿರುವ ಏರ್ಪಾಡು ಅದು. ಈ ಸಲ ಬಂದವರು ಪಶುವೈದ್ಯೆ ಡಾ. ಸುನೀತಾ.

ಸುನೀತಾ ಟಿ. ನರಸೀಪುರದವರು. ಎರಡು ಹೊಳೆ ಸೇರುವ ಊರಲ್ಲಿ ಹುಟ್ಟಿದ್ದಕ್ಕೋ ಏನೋ, ನೀರಿನ ಜಗಳ ಎಂದರೆ ಅವರಿಗೆ ಮೈಯೆಲ್ಲ ಕಿವಿ. ಸ್ಕೂಟರ್ ನಿಲ್ಲಿಸಿದವರೇ ಹೆಲ್ಮೆಟ್ ಕೂಡ ತೆಗೆಯದೆ ಕರುವಿನ ಪಕ್ಕ ಕೂತರು. ಬಾಯಿ ಬಿಡಿಸಿದರು. ಮೂಸಿದರು.

"ಕ್ರಿಮಿನಾಶಕ. ಎಲ್ಲಿ ಸಿಕ್ತು?"

"ಟೊಮೊಟೊ ಒಲದ ಅತ್ರ ಕಣವ್ವ," ಮುದ್ದಮ್ಮ ಹೇಳಿದಳು. "ಔಷ್ದಿ ಕಲಸಿದ ಡ್ರಮ್ಮು ಮಡಗಿದ್ರು. ಬಾಯಾರಿ ಅಗ್ಗ ಕಿತ್ಕಂಡು ಓಗಿ ಕುಡ್ಕಬುಟ್ಟದೆ." ಗೋಡೆಯ ಪಕ್ಕ ನಿಂತಿದ್ದವಳ ಕಡೆ ಕೈ ಮಾಡಿದಳು. "ಇವ್ಳು ನೀರು ಬುಟ್ಟಿದ್ರೆ ನನ್ನ ಕರ ಬದುಕ್ತಿತ್ತು. ಪೊಲೀಸ್ಗೆ ಕೊಡ್ತೀನಿ ಇವ್ಳ."

ಕೋಮಲಳಿಗೆ ಇಪ್ಪತ್ತೇಳು. ಕೈಯಲ್ಲಿ ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀ. ಗಂಡ ಪ್ರಸಾದ್ ಹಾವು ಕಚ್ಚಿ ಸತ್ತ ಮೇಲೆ ಅವನ ಕೆಲಸ ಇವಳಿಗೆ ಬಂದಿತ್ತು. ಇದು ಹೋದರೆ ಮಗಳನ್ನು ಎತ್ತಿಕೊಂಡು ಹದಿನಾರು ಎಂಬ ಊರಿನಲ್ಲಿರುವ ತವರಿಗೆ ಹೋಗುವುದೊಂದೇ ದಾರಿ. ಅಲ್ಲಿ ಅಣ್ಣನ ಹೆಂಡತಿ ಬಾಗಿಲು ತೆಗೆಯುತ್ತಾಳೆಂಬ ಭರವಸೆಯೂ ಇರಲಿಲ್ಲ.

"ದಿನಾ ಆರೂವರೆಗೆ ತಿರುಗಿಸಿವ್ನಿ ಮೇಡಂ. ಪೂರಾ ಇಪ್ಪತ್ತು ಸುತ್ತು."

"ಎಂಜಿನಿಯರ್ ಬಂದಿದ್ರಾ?"

"ಬಂದಿದ್ರು. ಟ್ಯಾಂಕ್ ಅತ್ರದ ವಾಲ್ವ್ ಸರಿಯಾಗೇ ಅದೆ, ಪೈಪೂ ಒಡೆದಿಲ್ಲ ಅಂದ್ರು."

"ಮತ್ತೆ?"

"ಮತ್ತೇನು," ರಂಗಸ್ವಾಮಿ ಬಾಯಿ ಹಾಕಿದರು. "ವಾಲ್ವ್ ಸರಿ, ಪೈಪ್ ಸರಿ. ತಿರುಗಿಸೋರೇ ಸರಿಯಿಲ್ಲ ಅಂತ ಜನ ಹೇಳ್ತಾರೆ. ನೀವು ಸಹಿ ಹಾಕಿದ್ರೆ ಮುಗೀತು ಮೇಡಂ."

ಸುನೀತಾ ಗಡಿಯಾರ ನೋಡಿದರು. ಸಭೆ ಹನ್ನೊಂದಕ್ಕೆ.

"ಸಹಿ ಎಲ್ಲೂ ಓಡಿಹೋಗಲ್ಲ. ಮೊದಲು ಬೀದಿ ನೋಡ್ಕೊಂಡು ಬರ್ತೀನಿ."

*

ಅವರು ಕೆಳಗಿನ ಬೀದಿಯ ಕೊನೆಯ ಮನೆಯಿಂದ ಶುರು ಮಾಡಿದರು. ಅದು ನಿಂಗರಾಜುವಿನ ಮನೆ.

ಊರಿನ ಅರ್ಧ ಜನ ಕೋಮಲಳನ್ನು ಬೈಯುತ್ತಿದ್ದರೆ ಇನ್ನರ್ಧ ಜನ ನಿಂಗರಾಜುವಿನ ಮೇಲೆ ಕಣ್ಣಿಟ್ಟಿದ್ದರು. ಪ್ರಸಾದನ ಜೊತೆ ಆರು ವರ್ಷ ಸಂಬಳವಿಲ್ಲದೆ ಓಡಾಡಿದ್ದವನು ಅವನು. ಪ್ರಸಾದ್ ಸತ್ತ ಮೇಲೆ ಕೆಲಸ ತನಗೇ ಎಂದು ಖಾಕಿ ಅಂಗಿಯನ್ನೂ ಹೊಲಿಸಿಟ್ಟಿದ್ದ. ಅದು ಇನ್ನೂ ಗೂಟಕ್ಕೆ ನೇತಾಡುತ್ತಿತ್ತು.

"ಕೋಮಲನ ಮೇಲೆ ಹೊಟ್ಟೆಕಿಚ್ಚು ಇದೆಯಾ?" ಸುನೀತಾ ನೇರವಾಗಿ ಕೇಳಿದರು.

"ಇಲ್ದೆ ಏನು ಸಾ?" ಗಂಡಸು ಹೆಂಗಸು ನೋಡದೆ ಎಲ್ಲ ಅಧಿಕಾರಿಗಳನ್ನೂ ಸಾ ಎನ್ನುವುದು ಅವನ ರೂಢಿ. "ಆ ಕೀ ಇಡ್ಕಂಡು ಅವ್ಳು ನಮ್ಮ ಮುಂದೆ ಓಗೋದು ಕಂಡ್ರೆ ಎದೆ ಉರೀತದೆ. ಆದ್ರೆ ನೀರು ನಾನು ನಿಲ್ಲಿಸ್ನಿಲ್ಲ. ನನ್ನ ಅಸ ನೋಡಿ."

ಸುನೀತಾ ಹಸುವಿನ ಕುತ್ತಿಗೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಬಿಟ್ಟರು. ನೀರು ಕುಡಿದ ಹಸುವಿನ ಚರ್ಮ ತಟ್ಟನೆ ಕೂರುತ್ತದೆ. ಇದು ಮಡಿಕೆ ಬಿದ್ದಂತೆ ಹಾಗೇ ನಿಂತಿತ್ತು. ಸಗಣಿ ಗಟ್ಟಿ ಉಂಡೆ. ಮೂಗು ಒಣ. ನಿಂಗರಾಜುವಿನ ಹೆಗಲ ಮೇಲೆ ಬೋರ್‌ವೆಲ್ಲಿನಿಂದ ಕೊಡ ಹೊತ್ತ ಕೆಂಪು ಬಾಸುಂಡೆ.

ಮುಂದಿನ ಹತ್ತು ಮನೆಯಲ್ಲೂ ಅದೇ ಚರ್ಮ, ಅದೇ ಸಗಣಿ. ಸುನೀತಾ ಚಿವುಟುತ್ತಾ ಚಿವುಟುತ್ತಾ ಬೀದಿಯ ತಲೆಗೆ, ಟ್ಯಾಂಕಿನ ಕಡೆಯ ತುದಿಗೆ ಬಂದರು.

ಮೊದಲ ಮನೆ ಹೇಮಲತಾಳದು. ಬಾಗಿಲಲ್ಲೇ ನಗುತ್ತಾ ನಿಂತಿದ್ದಳು.

"ಬನ್ನಿ ಮೇಡಂ. ಕಾಪಿ ಕುಡೀರಿ."

"ನೀರಿಲ್ಲ ಅಂದ್ರಲ್ಲ?"

"ನಮ್ಮೋರು ಬೈಕಲ್ಲಿ ಕ್ಯಾನ್ ಕಟ್ಕಂಡು ಬೋರಿಂದ ತತ್ತಾರೆ. ಪಾಪ, ಪ್ಯಾಕ್ಟ್ರಿ ಕೆಲಸ ಮುಗಿಸ್ಕಂಡು ಬಂದು ಅದೂ ಮಾಡ್ತಾರೆ."

ಕೊಟ್ಟಿಗೆಯಲ್ಲಿ ಎರಡು ಹಸು. ಸುನೀತಾ ಕತ್ತಿನ ಚರ್ಮ ಹಿಡಿದು ಬಿಟ್ಟರು. ತಟ್ಟನೆ ಕೂತಿತು. ಮೂಗಿನ ಮೇಲೆ ಹನಿ. ನೆಲ ಈಗಷ್ಟೇ ತೊಳೆದಂತಿತ್ತು.

"ಕೋಮಲ ನಿಮಗೆ ಗೊತ್ತಾ?"

"ಗೊತ್ತಿಲ್ದೆ? ಇಬ್ರೂ ಒಂದೇ ತಿಂಗ್ಳು ಈ ಊರಿಗೆ ಸೊಸೆ ಆಗಿ ಬಂದೋರು. ಒಂದೇ ಬಾವೀಲಿ ಬಟ್ಟೆ ಒಗ್ದೋರು." ಹೇಮಲತಾ ಲೋಟವನ್ನು ಸೆರಗಿನಿಂದ ಒರೆಸಿದಳು. ಅದು ಒಣಗಿಯೇ ಇತ್ತು. "ಈಗ ಅವ್ಳು ದೊಡ್ಡೋಳು. ಪೇಪರಲ್ಲಿ ಪೋಟೊ ಬಂತು, ತಾಲ್ಲೂಕಿನ ಮೊದಲ್ನೇ ಮಹಿಳಾ ನೀರುಗಂಟಿ ಅಂತ. ನಮ್ಮೋರು ಅದನ್ನ ಕತ್ತರಿಸಿ ಗೋಡೆಗೆ ಅಂಟ್ಸವ್ರೆ. ‘ನೋಡ್ ಕಲ್ತ್ಕೊ’ ಅಂತಾರೆ ನಂಗೆ."

ಸುನೀತಾ ಹೊರಗೆ ಬಂದರು. ಬೀದಿಯ ಅಂಚಿನಲ್ಲಿ, ಎರಡನೇ ಮನೆಗೆ ಮೊದಲು, ಹೇಮಲತಾಳ ತಿಪ್ಪೆ. ಮೂರು ಕಡೆ ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿತ್ತು. ನಾಲ್ಕನೇ ಕಡೆ ಮಾತ್ರ ಅಡಿಯ ಕಪ್ಪು ಗೊಬ್ಬರ ಮೇಲೆ ಬಂದು ಹಸಿಯಾಗಿತ್ತು. ಇತ್ತೀಚೆಗೆ ಯಾರೋ ಬಗೆದು ಮುಚ್ಚಿದ್ದರು.

*

ಅಲ್ಲಿಂದ ಅವರು ಹೋದದ್ದು ಹಾಲಿನ ಡೇರಿಗೆ. ಯಾರು ಎಷ್ಟು ಹಾಲು ಹಾಕಿದರು ಎಂದು ದಿನವೂ ಕಪ್ಪು ಹಲಗೆಯ ಮೇಲೆ ಬರೆಯುವುದು ಈ ಡೇರಿಯ ಪದ್ಧತಿ. ವರ್ಷಕ್ಕೊಮ್ಮೆ ಮೊದಲು ಬಂದವರಿಗೆ ಒಂದು ಸ್ಟೀಲ್ ಕ್ಯಾನು ಬಹುಮಾನ. ಆ ಕ್ಯಾನಿಗಾಗಿ ಈ ಊರಿನ ಹೆಂಗಸರು ಒಬ್ಬರ ಹಸುವನ್ನು ಇನ್ನೊಬ್ಬರು ಹೇಗೆ ನೋಡುತ್ತಾರೆಂದು ನಾನು ಬಿಡಿಸಿ ಹೇಳಬೇಕಿಲ್ಲ.

ಕೆಳಗಿನ ಬೀದಿಯವರ ಲೆಕ್ಕ ನಾಲ್ಕು ದಿನದಲ್ಲಿ ಸರಸರನೆ ಇಳಿದಿತ್ತು. ಇಪ್ಪತ್ತೊಂದು ಹಾಕುತ್ತಿದ್ದ ಮುದ್ದಮ್ಮನ ಮನೆ ಹನ್ನೆರಡಕ್ಕೆ ಬಂದಿತ್ತು. ಹಲಗೆಯ ಮೇಲ್ತುದಿಯಲ್ಲಿ ಒಂದು ಹೆಸರು ಮಾತ್ರ ಅಲುಗಾಡಿರಲಿಲ್ಲ.

ಮಧುಕುಮಾರ್, ಇಪ್ಪತ್ತೆರಡು ಲೀಟರ್.

"ಈ ಮಧುಕುಮಾರ್ ಯಾರು?"

"ಹೇಮಲತಾ ಅವ್ರ ಗಂಡ ಮೇಡಂ," ಹಲಗೆ ಬರೆಯುವ ಹುಡುಗ ಹೇಳಿದ. "ಹಸು ನೋಡೋದು ಆಯಮ್ಮ. ಸದಸ್ಯತ್ವ ಇರೋದು ಗಂಡನ ಹೆಸರಲ್ಲಿ."

ಸುನೀತಾ ಆ ಹೆಸರನ್ನು ಸ್ವಲ್ಪ ಹೊತ್ತು ನೋಡುತ್ತಾ ನಿಂತರು.

*

ಹನ್ನೊಂದಕ್ಕೆ ಸಮುದಾಯ ಭವನ ತುಂಬಿತ್ತು. ಮೇಲಿನ ಬೀದಿಯವರು ಒಂದು ಕಡೆ, ಕೆಳಗಿನವರು ಇನ್ನೊಂದು ಕಡೆ. ಬೀದಿ ದೀಪ, ಚರಂಡಿ, ಶೌಚಾಲಯದ ಬಾಗಿಲು ಎಂದು ಯಾರೋ ಎದ್ದರೆ ಎಲ್ಲರೂ ಸೇರಿ ಕೂರಿಸಿದರು. "ನೀರಿನ್ದು ಮೊದ್ಲು!"

ರಂಗಸ್ವಾಮಿ ನಿರ್ಣಯ ಓದಿದರು. ಕೋಮಲ ನೆಲ ನೋಡುತ್ತಾ ನಿಂತಿದ್ದಳು. ಅವಳಿಗಿಂತ ಎರಡು ಹೆಜ್ಜೆ ಹಿಂದೆ ಹೇಮಲತಾ. ಅವಳ ಮುಖದಲ್ಲಿ ಸಂತೋಷವೇನೂ ಇರಲಿಲ್ಲ. ಬಹಳ ದಿನದ ಹಲ್ಲುನೋವು ಇನ್ನೇನು ನಿಂತೀತು ಎಂದು ಕಾಯುವವಳಂತೆ ಇದ್ದಳು.

ಸುನೀತಾ ಪೆನ್ನು ಕೈಗೆತ್ತಿಕೊಂಡು ನಿಲ್ಲಿಸಿದರು.

"ಸಹಿಗೆ ಮೊದಲು ಒಂದು ಒಳ್ಳೇ ಮಾತು ಹೇಳ್ಬೇಕು. ನಾಲ್ಕು ದಿನದಿಂದ ಬೀದಿಗೆ ನೀರಿಲ್ಲ. ಎಲ್ಲರ ಹಾಲೂ ಇಳಿದಿದೆ. ಒಬ್ಬರದು ಮಾತ್ರ ಒಂದು ಲೋಟನೂ ಇಳಿದಿಲ್ಲ. ಮಧುಕುಮಾರ್ ಅವರೇ, ಬನ್ನಿ. ಹಸು ಅಂದ್ರೆ ಹೀಗೆ ನೋಡ್ಕೋಬೇಕು. ಎಲ್ಲರೂ ಚಪ್ಪಾಳೆ ಹೊಡೀರಿ."

ಮಧ್ಯಾಹ್ನದ ಪಾಳಿಗೆ ಹೊರಟಿದ್ದ ಮಧುಕುಮಾರ್ ನಾಚುತ್ತಾ ಎದ್ದು ಕೈ ಮುಗಿದ. ಚಪ್ಪಾಳೆ ಬಿತ್ತು.

"ಅವ್ರೇನು ನೋಡ್ಕಂಡಿದ್ದು!"

ಹೇಮಲತಾ ಮುಂದೆ ಬಂದಿದ್ದಳು. ಕಣ್ಣು ಕೆಂಪು.

"ಅಸದ ಕೆಚ್ಚಲು ಯಾವ ಕಡೆಗದೆ ಅಂತ್ಲೂ ಗೊತ್ತಿಲ್ಲ ಇವ್ರಿಗೆ. ನಾಕು ಗಂಟೆಗೆ ಎದ್ದೇಳೋಳು ನಾನು. ಉಲ್ಲು ತರೋಳು ನಾನು. ನೀರು ಕುಡ್ಸೋಳು ನಾನು!"

"ಎಷ್ಟು ನೀರು?" ಸುನೀತಾ ಮೆಲ್ಲಗೆ ಕೇಳಿದರು.

"ಒಂದೊಂದಕ್ಕೆ ಎಂಟು ಬಿಂದ್ಗೆ. ದಿನಾ..." ಅವಳ ಮಾತು ಅಲ್ಲೇ ನಿಂತಿತು.

"ಎರಡಕ್ಕೆ ಹದಿನಾರು ಬಿಂದಿಗೆ. ಮಧುಕುಮಾರ್, ದಿನಕ್ಕೆ ಎಷ್ಟು ಕ್ಯಾನ್ ತಂದ್ರಿ?"

"ಯಾವ ಕ್ಯಾನ್ ಮೇಡಂ?"

"ಬೋರ್‌ವೆಲ್ಲಿಂದ. ಬೈಕಲ್ಲಿ."

"ನಾನೆಲ್ಲಿ ತಂದೆ? ರಾತ್ರಿ ಬಂದು ಮಲಗಿದ್ರೆ ನಾನು ಏಳೋದೇ ಒಂಬತ್ತಕ್ಕೆ. ತೊಟ್ಟಿ ತುಂಬಿರ್ತಿತ್ತು. ಕೇಳಿದ್ರೆ, ‘ನಾನೇ ಬೋರಿಂದ ಒತ್ಕಂಡು ಬಂದೆ’ ಅಂತಿದ್ಲು."

"ಸುಳ್ಳು!" ಮುದ್ದಮ್ಮ ಎದ್ದಳು. "ಬೋರ್ ಸಾಲಲ್ಲಿ ನಾಕು ದಿನಾನೂ ಇವ್ಳ ಮುಖ ಕಾಣ್ನಿಲ್ಲ."

ಸುನೀತಾ ಪೆನ್ನಿನ ಮುಚ್ಚಳ ಹಾಕಿದರು.

"ಹೆಂಡತಿ ಗಂಡನ ಹೆಸರು ಹೇಳಿದ್ರು. ಗಂಡನಿಗೆ ತನ್ನ ಹೆಸರು ಹೇಳಿದ್ರು. ಇಬ್ಬರೂ ತಂದಿಲ್ಲ. ಆದ್ರೆ ಹಸು ಕುಡಿದಿದೆ. ಅಂದ್ರೆ ಮೊದಲ ಮನೆ ನಲ್ಲೀಲಿ ನೀರು ಬರ್ತಿದೆ. ಕೋಮಲ ವಾಲ್ವ್ ತಿರುಗಿಸಿದ್ದಾರೆ. ಪೈಪ್ ಒಡೆದಿಲ್ಲ. ಹಾಗಿದ್ರೆ ನೀರು ನಿಂತಿರೋದು ಮೊದಲ ಮನೆ ಆದ ಮೇಲೆ, ಎರಡನೇ ಮನೆಗೆ ಮೊದಲು. ಅಲ್ಲಿರೋದು ಒಂದೇ. ತಿಪ್ಪೆ. ನಿಂಗರಾಜು, ಗುದ್ದಲಿ ತಗೊಳ್ಳಿ. ಹಸಿಯಾಗಿರೋ ಕಡೆ ಬಗೀರಿ."

ಇಡೀ ಸಭೆ ಎದ್ದು ಬೀದಿಗೆ ನಡೆಯಿತು.

*

ಎರಡಡಿ ಬಗೆಯುವಷ್ಟರಲ್ಲಿ ಗುದ್ದಲಿ ಠಣ್ ಎಂದಿತು. ಕಲ್ಲು ಚಪ್ಪಡಿ. ಅದರಡಿ ತುಕ್ಕು ಹಿಡಿದ ಹಳೇ ವಾಲ್ವ್. ಅದರ ತಲೆಯ ಮೇಲೆ ಮಾತ್ರ ಪಾನಾ ಕಚ್ಚಿದ ಹೊಸ ಗೀರು ಹೊಳೆಯುತ್ತಿತ್ತು.

"ಇಲ್ಲೊಂದು ವಾಲ್ವ್ ಇದೆ ಅಂತ ನಂಗೇ ಗೊತ್ತಿರ್ನಿಲ್ಲ!" ನಿಂಗರಾಜು ಬೆರಗಾದ.

ಮಧುಕುಮಾರ್ ಗುಂಡಿಯೊಳಗೆ ಬಗ್ಗಿ ನೋಡಿದ. "ನಲ್ಲಿ ಹಾಕ್ಸುವಾಗ ಪ್ರಸಾದಣ್ಣ ತೋರ್ಸಿದ್ರು. ಹಳೇ ಲೈನಿಂದು, ಮುಟ್ಬೇಡಿ, ಮುಂದ್ಕೆ ನೀರು ಓಗಲ್ಲ ಅಂದಿದ್ರು. ನಾನೂ ಇವ್ಳೂ ಇಬ್ರೂ ಇದ್ವಿ. ಪಾನಾ ನನ್ದೇ."

"ಎಲ್ಲ ಸರಿಯಾಗೇ ಮಾಡಿದ್ರಿ," ಸುನೀತಾ ಹೇಮಲತಾಳ ಕಡೆ ತಿರುಗಿದರು. "ನಾಲ್ಕು ದಿನ ನಿಮ್ಮ ಹಸುವನ್ನೂ ಸ್ವಲ್ಪ ಬಾಯಾರಿಸಿದ್ದಿದ್ರೆ ನಾನು ನಿಮ್ಮ ಮನೆ ದಾಟಿ ಹೋಗ್ತಿದ್ದೆ. ಆದ್ರೆ ಹಲಗೆ ಮೇಲೆ ಮೊದಲ ಸ್ಥಾನ ಮೇಲಿನ ಬೀದಿಯವರಿಗೆ ಬಿಟ್ಟುಕೊಡೋದು ನಿಮ್ಮ ಕೈಲಾಗಲಿಲ್ಲ."

ಹೇಮಲತಾ ತಿಪ್ಪೆಯ ಅಂಚಿನಲ್ಲಿ ಕುಸಿದಳು.

"ಕರ ಸಾಯ್ಲಿ ಅಂತ ಮಾಡ್ನಿಲ್ಲ ಕಣ್ರೀ. ನಾನೂ ಅಸ ಸಾಕಿರೋಳು. ಮುದ್ದಕ್ಕ, ನಿಮ್ಮ ಕಾಲಿಗೆ ಬೀಳ್ತೀನಿ." ಮುದ್ದಮ್ಮ ಮುಖ ತಿರುಗಿಸಿದಳು. "ಈ ಕೋಮಲನ್ನ ಸಬೇಲಿ ಒಂದ್ಸಲ ಬೈಲಿ ಅಂತ ಮಾಡ್ದೆ. ದಿನಾ ಬೆಳಿಗ್ಗೆ ‘ಕೋಮಲ ಬಂದ್ಲು, ಕೋಮಲ ಬಂದ್ಲು’ ಅಂತ ಬೀದಿ ಪೂರಾ ಕೂಗ್ತದೆ. ನಾನು ಇಪ್ಪತ್ತೆರಡು ಲೀಟರ್ ಆಲು ಆಕಿದ್ರೂ ಅಲಗೆ ಮೇಲೆ ಇವ್ರ ಎಸರು. ಈ ಊರಿಗೆ ಬಂದು ಎಂಟು ವರ್ಷ ಆಯ್ತು. ಯಾರು ನನ್ನ ಎಸರು ಕೂಗವ್ರೆ? ಒಟ್ಟೆ ಉರೀತು. ಉರೀತು, ಅಷ್ಟೇ."

ಕೋಮಲ ಮುಂದೆ ಬಂದಳು.

"ಅವ್ರು ಬದುಕಿದ್ದಾಗ ನಾನೂ ಪ್ರಸಾದನ ಎಂಡ್ತಿನೇ ಆಗಿದ್ದೆ ಕಣೇ. ನನ್ನ ಎಸರು ಕೂಗಾಕೆ ಸುರು ಮಾಡಿದ್ದು ಅವ್ರು ಓದ ಮೇಲೆ. ನಿಂಗೆ ಅದೂ ಬೇಕಿತ್ತಾ?"

ಮಧುಕುಮಾರ್ ಮನೆಯಿಂದ ತಂದ ಪಾನಾ ಇಸಿದುಕೊಂಡು ಗುಂಡಿಗೆ ಇಳಿದಳು. ಹಳೇ ವಾಲ್ವ್ ಕಿರುಗುಟ್ಟಿತು. ಯಾರೋ ಅವಳ ಕೀ ತೆಗೆದುಕೊಂಡು ಓಡಿ ಟ್ಯಾಂಕಿನ ಹತ್ತಿರದ ವಾಲ್ವ್ ಬಿಟ್ಟರು. ಬೀದಿಯ ನಲ್ಲಿಗಳು ಕೆಮ್ಮಿದವು, ಕೆಂಪು ನೀರು ಉಗುಳಿದವು, ಆಮೇಲೆ ಸುರಿದವು. ಬೆಳಿಗ್ಗೆ ಅವಳನ್ನು ಠಾಣೆಗೆ ಎಳೆಯಲು ಹೊರಟಿದ್ದವರೇ ಕೊಡ ಎತ್ತಿಕೊಂಡು ಓಡಿದರು.

"ಕೋಮಲಾ, ಬಂತು ಕಣೇ! ಬಂತು!"

ಹೇಮಲತಾ ಕಿವಿ ಮುಚ್ಚಿಕೊಂಡಳು.

ಕೋಮಲಳ ವಿರುದ್ಧದ ನಿರ್ಣಯಕ್ಕೆ ರಂಗಸ್ವಾಮಿ ಅಡ್ಡಗೀರು ಎಳೆದರು. ಠಾಣೆಗೆ ಕಳಿಸುವ ದೂರನ್ನು ಸಭೆಯ ಪುಸ್ತಕದಲ್ಲಿ ಬರೆಯಲು ಹೊಸ ಹಾಳೆ ತಿರುವಿದರು. ಎರಡು ಸಾಲು ಬರೆದು ತಲೆ ಎತ್ತಿದರು.

"ಮೇಡಂ, ‘ಮಧುಕುಮಾರ್ ಹೆಂಡತಿ’ ಅಂತ ಬರೀಲಾ?"

"ಬೇಡ," ಸುನೀತಾ ಹೇಳಿದರು. "ಅವರ ಹೆಸರೇ ಬರೀರಿ."

ರಂಗಸ್ವಾಮಿ ಬರೆದರು. ಹೇಮಲತಾ ಕತ್ತು ಚಾಚಿ ನೋಡಿದಳು. ಈ ಊರಿನ ಪಂಚಾಯಿತಿ ಪುಸ್ತಕದಲ್ಲಿ ಅವಳ ಹೆಸರು ಬಂದದ್ದು ಅದೇ ಮೊದಲು.