ಮರದ ಸೆಲ್ಲುಗಳು

"ಇದೇನ್ರೀ ಇದು? ಸೆಲ್ ಇರ್ಬೇಕಾದ ಜಾಗದಲ್ಲಿ ಕಟ್ಟಿಗೆ ತುಂಬಿದ್ದೀರಾ?"

ಅವಳು ಕರೆಗಂಟೆಯ ಡಬ್ಬಿಯನ್ನು ರಿಪೇರಿ ಅಂಗಡಿಯ ಮೇಜಿನ ಮೇಲೆ ಕುಕ್ಕಿದಳು. ಹಿಂಬದಿಯ ಮುಚ್ಚಳ ತೆರೆದಿತ್ತು. ಒಳಗೆ ಎರಡು ಸೆಲ್ಲುಗಳ ಬದಲು ಅದೇ ಅಳತೆಗೆ ಕೆತ್ತಿದ ಎರಡು ಮರದ ತುಂಡುಗಳು.

ಅಂಗಡಿಯವನು ತಲೆಯೆತ್ತಿದ. ಮಾತು ಕಡಿಮೆಯೆಂದು ಬೀದಿಯವರೆಲ್ಲ ಮೂಗಬಸವ ಎಂದು ಕರೆಯುವ ಆಸಾಮಿ. ಅವನ ಶಾಂತ ಕಣ್ಣುಗಳನ್ನು ಕಂಡು ಅವಳ ಸಿಟ್ಟು ಇನ್ನೂ ನೆತ್ತಿಗೇರಿತು.

"ಪಕ್ಕದ ಮನೆ ಅತ್ತೆ ಕೈಲಿ ಕೊಟ್ಟು ಕಳಿಸಿದ್ದಕ್ಕೆ ಹೀಗಾ? ನಮ್ಮಮ್ಮ ಲಕ್ವ ಹೊಡೆದು ಮಲಗಿದ್ದಾಳೆ. ನಾನು ಮಹಡಿ ಮೇಲೆ ಬಟ್ಟೆ ಹೊಲಿತಿರ್ತೀನಿ, ಅವಳು ಕೂಗಿದ್ರೆ ಕೇಳಲ್ಲ. ಹೋದ ವಾರ ಸೆಲ್ ಖಾಲಿಯಾಗಿ ಗಂಟೆ ಹೊಡೀಲಿಲ್ಲ. ತಾನೇ ಏಳೋಕೆ ಹೋಗಿ ಬಿದ್ದುಬಿಟ್ಲು. ಗೊತ್ತಾ ನಿಮಗೆ?"

"ಅದಕ್ಕೇ ಕರೆಂಟಲ್ಲಿ ಓಡೋ ಹಾಗೆ ಮಾಡಿದ್ದೀನಿ. ವೈರಿನ ತುದೀಲಿರೋ ಅಡಾಪ್ಟರ್ ಪ್ಲಗ್ಗಿಗೆ ಹಾಕಿ... ಆದ್ರೆ ಒಂದು ವಿಷಯ..."

ಅವಳು ಕೇಳಲು ನಿಲ್ಲಲಿಲ್ಲ. ಡಬ್ಬಿ ಎತ್ತಿಕೊಂಡು ಹೊರಟೇ ಹೋದಳು.

ಮನೆಗೆ ಬಂದು ನೋಡೇಬಿಡೋಣ ಎಂದು ಪ್ಲಗ್ ಹಾಕಿದಳು. ಅಮ್ಮ ಗುಂಡಿ ಒತ್ತಿದಳು. ಗಂಟೆ ಮನೆಯೆಲ್ಲ ಕೇಳುವಂತೆ ಹೊಡೆದುಕೊಂಡಿತು.

ಆಗ ಅವಳು ಮರದ ತುಂಡುಗಳನ್ನು ಸರಿಯಾಗಿ ನೋಡಿದಳು. ತುದಿಗಳಿಗೆ ತಾಮ್ರದ ತಗಡು, ಅದಕ್ಕೆ ಬೆಸೆದ ಸಣ್ಣ ವೈರು. ಡಬ್ಬಿಗೆ ಒಂದು ತೂತು ಕೂಡ ಬಿದ್ದಿರಲಿಲ್ಲ. ಎಷ್ಟು ಜತನದ ಕೆಲಸ...

'ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ... ಅಂಥವನಿಗೆ ಎಂಥ ಮಾತು ಅಂದುಬಿಟ್ಟೆ!'

ಕ್ಷಮೆ ಕೇಳಬೇಕು, ಒಂದು ಒಳ್ಳೆಯ ಮಾತು ಹೇಳಬೇಕು ಎಂದು ಅವಳು ಎಷ್ಟೋ ಸಲ ಹೊರಟಳು. ಅಂಗಡಿ ಕಂಡ ಕೂಡಲೇ ಮುಖ ಕೆಂಪಾಗಿ ವಾಪಸು ಬರುತ್ತಿದ್ದಳು. ಎರಡು ತಿಂಗಳು ಹೀಗೇ ಕಳೆಯಿತು. ಗಂಟೆ ಹೊಡೆದಾಗಲೆಲ್ಲ ಆ ಶಾಂತ ಕಣ್ಣುಗಳೇ ನೆನಪಾಗುತ್ತಿದ್ದವು. 'ನಿಮ್ಮಿಂದ ನಾನು ನೆಮ್ಮದಿಯಾಗಿ ಹೊಲಿಯುತ್ತಿದ್ದೇನೆ' ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಳು. ಮನಸ್ಸಿನಲ್ಲಿ ಹೇಳಿದ್ದು ಅವನಿಗೆ ಕೇಳಿಸುವುದಾದರೂ ಹೇಗೆ?

ಒಂದು ಮಧ್ಯಾಹ್ನ ದಾರ ಮುಗಿಯಿತೆಂದು ಅವಳು ಕೆಳಗಿಳಿದಳು. ಅಮ್ಮನ ಕೋಣೆಯಿಂದ ನಗು ಕೇಳಿಸಿತು. ಕಾಯಿಲೆ ಬಿದ್ದ ಮೇಲೆ ಅಮ್ಮ ನಕ್ಕಿದ್ದೇ ಇಲ್ಲ...

ಬಾಗಿಲಲ್ಲೇ ಅವಳು ನಿಂತುಬಿಟ್ಟಳು. ಮಂಚದ ಪಕ್ಕದ ಸ್ಟೂಲಿನ ಮೇಲೆ ಮೂಗಬಸವ ಕೂತಿದ್ದ! ಫ್ಯಾನ್ ತಿರುಗುತ್ತಿರಲಿಲ್ಲ.

"ಕರೆಂಟ್ ಹೋಗಿದೆ," ಅವನು ಗಡಬಡಿಸಿ ಎದ್ದ. "ಗಂಟೆ ಹೊಡಿಯಲ್ಲ. ಮರದ ತುಂಡು ತೆಗೆದು ನಿಜವಾದ ಸೆಲ್ ಹಾಕ್ಬೇಕು. ಅವತ್ತು ಅದನ್ನೇ ಹೇಳೋಕೆ ಹೊರಟಿದ್ದೆ..."

ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ, ಹಗಲು ಬೆಳಕು. ಕರೆಂಟ್ ಹೋದದ್ದು ಮೇಲೆ ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ.

"ಕರೆಂಟ್ ಹೋದಾಗಲೆಲ್ಲ ಅಂಗಡಿ ಬಿಟ್ಟು ಬರ್ತಾನೆ ಕಣೆ," ಅಮ್ಮ ತೊದಲುತ್ತ ಹೇಳಿದಳು. "ಇದು ಏಳನೇ ಸಲ. ಸೆಲ್ ವಿಷಯ ಮಗಳಿಗೆ ಹೇಳಿ ಅಂತ ಮೊದಲ ದಿನವೇ ಹೇಳಿದ್ದ. ನಾನೇ ಹೇಳ್ಲಿಲ್ಲ. ಹೇಳಿದ್ರೆ ಮತ್ತೆ ಬರ್ತಿದ್ನಾ?"

ಅವಳ ಕಣ್ಣು ತುಂಬಿ ಬಂತು.

"ಅಮ್ಮ ಹೇಳ್ಲಿಲ್ಲ, ಸರಿ. ನೀವ್ಯಾಕೆ ಮೆಟ್ಟಿಲು ಹತ್ತಿ ಬಂದು ಹೇಳ್ಲಿಲ್ಲ?"

ಅವನು ನೆಲ ನೋಡಿದ. "ಹೇಳಿದ್ರೆ ಅವತ್ತಿಗೇ ಮುಗಿದುಹೋಗ್ತಿತ್ತು. ನಿಮ್ಮ ಯಂತ್ರದ ಸದ್ದು ಕೇಳ್ತಾ ಇಲ್ಲಿ ಕೂರೋದು... ನನಗೂ ಬೇಕಾಗಿತ್ತು. ನಿಮ್ಮ ಮೇಲೆ ಮನಸ್ಸಾಗಿದೆ."

ಅಮ್ಮ ಗೋಡೆಯ ಕಡೆ ಮುಖ ತಿರುಗಿಸಿ ಕಣ್ಣು ಮುಚ್ಚಿಕೊಂಡಳು. ನಿದ್ದೆಯಂತೂ ಬಂದಿರಲಿಲ್ಲ.

"ಅವತ್ತು ಅಂದಿದ್ದಕ್ಕೆ ಕ್ಷಮಿಸಿ," ಅವಳು ಮೆಲ್ಲಗೆ ಹೇಳಿದಳು. "ನಮ್ಮಮ್ಮನ್ನ ನಗಿಸಿದ್ರಲ್ಲ... ಈ ಉಪಕಾರ ನಾನು ಯಾವತ್ತೂ ಮರೆಯಲ್ಲ."

ಫ್ಯಾನ್ ತಿರುಗತೊಡಗಿತು. ಅವನು ಚಪ್ಪಲಿಯ ಕಡೆ ನಡೆದ.

"ಕರೆಂಟ್ ಬಂತು. ಇನ್ನು ಹೊರಡ್ತೀನಿ."

"ಮತ್ತೆ ಕರೆಂಟ್ ಹೋಗೋವರೆಗೂ ನಾನು ಕಾಯ್ಬೇಕಾ?"

ಅವನು ತಿರುಗಿದ. "ನೀವು... ಕಾಯ್ತೀರಾ?"

"ಎರಡು ತಿಂಗಳು ಕಾದಿದ್ದು ಸಾಕು," ಅವಳು ಸ್ಟೂಲನ್ನು ಅವನ ಕಡೆ ಸರಿಸಿದಳು. "ಕೂತ್ಕೊಳ್ಳಿ."