ಎರಡನೇ ಮತದ ನೀರುಗಂಟಿ

ಮತ ಎಣಿಸುವ ಯಂತ್ರ ಮೊದಲು ಕೆಮ್ಮಿತು. ಊರಲ್ಲಿ ಡಂಗುರ ಸಾರುತ್ತಿದ್ದು ಹತ್ತು ವರ್ಷದ ಹಿಂದೆ ತೀರಿಕೊಂಡ ತಳವಾರ ಮುನಿಶಾಮಿಯದೇ ಕೆಮ್ಮು, ಅವನದೇ ಎಳೆದ ದನಿ: “ಕೇಳ್ರಪ್ಪೋ... ಇನ್ನೂ ಯಾರನ್ನೂ ತೆಗೆದಿಲ್ಲ.” ಕೆರೆ ಏರಿಯ ಮೇಲೆ ಕೂತಿದ್ದ ನೆಲ್ಲುಪಾಳ್ಯದವರು ನಕ್ಕರು. ಯಂತ್ರಕ್ಕೆ ಈ ಮಿಮಿಕ್ರಿ ಕಲಿಸಿದವಳು ಅದನ್ನು ಕಟ್ಟಿದ ವಿಜ್ಞಾನಿ ಇಂಚರಾ.

೨೦೫೮ರ ಹೊತ್ತಿಗೆ ಕೋಲಾರ ಸೀಮೆಯ ಕೆರೆಗಳು ಮತ್ತೆ ತುಂಬಿದ್ದವು. ತೂಬು ತೆರೆದು ಗದ್ದೆಗಳಿಗೆ ನೀರು ಹಂಚುವ ನೀರುಗಂಟಿಯನ್ನು ಊರೇ ಆರಿಸುತ್ತಿತ್ತು. ಮತಪತ್ರದಲ್ಲಿ ಸ್ಪರ್ಧೆಗೆ ನಿಂತ ಚೌಡಪ್ಪ, ನಾರೆಪ್ಪ, ಪಿಳ್ಳಮ್ಮ ಮೂವರ ಹೆಸರಿನ ಮುಂದೆಯೂ ಒಂದು, ಎರಡು, ಮೂರು ಎಂದು ಬರೆಯಬೇಕು. ಹಳೆಯ ಯಂತ್ರ, ಮೊದಲ ಮತ ಕಡಿಮೆ ಬಿದ್ದವರನ್ನು ತೆಗೆದು ಅವರ ಮತಗಳನ್ನು ಮುಂದಿನ ಹೆಸರಿಗೆ ಸೇರಿಸುತ್ತಿತ್ತು. ಹಿಂದಿನ ಎರಡು ಚುನಾವಣೆಯಲ್ಲೂ ಮೊದಲು ಹೊರಬಿದ್ದವಳು ಪಿಳ್ಳಮ್ಮ, ಗೆದ್ದವನು ಮೇಲ್ಗದ್ದೆಯ ಚೌಡಪ್ಪ, ಒಣಗಿದ್ದು ಕೆಳಗದ್ದೆಯ ಪೈರು. ಈ ಸಲವೂ ಒಣಗಿದರೆ ಗದ್ದೆ ಬೀಳು ಬಿಡುವುದೆಂದು ಕೆಳಗದ್ದೆಯ ಸೀತಪ್ಪ ತೀರ್ಮಾನಿಸಿದ್ದ.

ಹಳೆಯ ಮತಪತ್ರಗಳಲ್ಲಿ ಪಿಳ್ಳಮ್ಮನ ಮುಂದೆ ಎಲ್ಲೆಲ್ಲೂ ‘ಎರಡು’ ಕಂಡು ಇಂಚರಾ ಅವನನ್ನೇ ಕೇಳಿದ್ದಳು. “ಆಕೆಗೆ ಒಂದು ಯಾಕೆ ಹಾಕಲ್ಲ, ಸೀತಪ್ಪಣ್ಣ?”

“ನಾರೆಪ್ಪ ನಮ್ಮ ಬೀಗ ಕಣಮ್ಮ. ಅವನಿಗೆ ಹಾಕದೆ ಹಬ್ಬಕ್ಕೆ ಮುಖ ಹೆಂಗೆ ತೋರ್ಸೋದು? ಒಂದು ನೆಂಟಂಗೆ, ಎರಡು ಗಂಟಿಗೆ. ನಂಬಿಕೆ ಇರೋದು ಎರಡನೇದ್ರಲ್ಲೇ.”

ಹೊಸ ಯಂತ್ರ ಹಾಗೆ ಕತ್ತು ಹಿಡಿದು ದಬ್ಬುತ್ತಿರಲಿಲ್ಲ. ಮೊದಲ ಮತದಲ್ಲಿ ಕೊನೆಯ ಇಬ್ಬರನ್ನು ಎದುರುಬದುರು ನಿಲ್ಲಿಸಿ, ಇವರಲ್ಲಿ ಯಾರು ಮೇಲೆಂದು ಒಂದೊಂದು ಮತಪತ್ರವನ್ನೂ ವಿಚಾರಿಸುತ್ತಿತ್ತು. ಸೋತವರು ಮಾತ್ರ ಹೊರಗೆ.

“ಮೊದಲ ಮತ: ಚೌಡಪ್ಪ ನೂರಿಪ್ಪತ್ತು, ನಾರೆಪ್ಪ ನೂರೈದು, ಪಿಳ್ಳಮ್ಮ ಎಪ್ಪತ್ತೈದು,” ಎಂದಿತು ಮುನಿಶಾಮಿಯ ದನಿ. “ಕೊನೇ ಇಬ್ರು ಮುಂದಕ್ಕೆ ಬನ್ನಿ.” ಚೌಡಪ್ಪನ ಕಡೆಯವರ ‘ಎರಡು’ಗಳೆಲ್ಲ ಪಿಳ್ಳಮ್ಮನ ಬೆನ್ನಿಗೆ ನಿಂತವು. ನೂರತೊಂಬತ್ತೈದು, ನೂರೈದು. ನಾರೆಪ್ಪ ಹೊರಬಿದ್ದ. ಆಮೇಲೆ ಅವನ ಕಡೆಯವರ ‘ಎರಡು’ಗಳೂ ಬಂದು, ಪಿಳ್ಳಮ್ಮ ನೂರೆಂಬತ್ತು, ಚೌಡಪ್ಪ ನೂರಿಪ್ಪತ್ತು.

“ನನ್ನೋರೇ ಆಯಮ್ಮನ್ನ ಉಳಿಸಿದ್ರಲ್ಲ,” ಎಂದ ಚೌಡಪ್ಪ. “ಮುಂದಿನ ಸಲ ನಾನೇನು ಮಾಡ್ಬೇಕು, ಮೇಡಂ?”

“ಕೆಳಗದ್ದೆ ಮನೆಗಳಿಗೂ ಹೋಗಿ ಎರಡನೇ ಮತ ಕೇಳಿ.”

“ಬಾರಪ್ಪ,” ಎಂದ ಸೀತಪ್ಪ. “ಕಾಫಿನಂತೂ ಕೊಡ್ತೀವಿ.”

ಮೂರನೆಯ ದಿನ ಪಿಳ್ಳಮ್ಮ ಬಿಟ್ಟ ನೀರು ಸೀತಪ್ಪನ ಬದು ಮುಟ್ಟಿತು. ಅವನು ಕಾಲುವೆಯಲ್ಲಿ ಕಾಲಿಳಿಬಿಟ್ಟು ಇಂಚರಾಳನ್ನು ಕೇಳಿದ: “ನಮ್ಮ ತಾತನ ಕಾಲದಲ್ಲಿ ಓಟು ಹೆಂಗೆ ಹಾಕ್ತಿದ್ರಮ್ಮ?”

“ಒಂದೇ ಹೆಸರು ಒತ್ತಿ ಬರ್ತಿದ್ರು.”

“ಮತ್ತೆ ನಂಬಿಕೆ ಇದ್ದ ಇನ್ನೊಂದು ಹೆಸರು?”

“ಹೋಗೋವಾಗ ಮನಸ್ಸಲ್ಲಿಟ್ಕೊಂಡು ಹೋಗೋರು,” ಎಂದಳು ಇಂಚರಾ. “ಹಂಗೇ ಮನೆಗೆ ವಾಪಸ್ ತರೋರು.”